ರೋಗಾಣುವಿನ ಉಗ್ರತೆ ಎಲ್ಲಿದೆ?

(ದತ್ತಿ ಉಪನ್ಯಾಸದ ಲಿಖಿತ ರೂಪ)



ವೈದ್ಯವಿಜ್ಞಾನದ ವಿಷಯವನ್ನು ಕನ್ನಡದಲ್ಲೇ ಹೇಳಬೇಕು, ವೈದ್ಯರಲ್ಲದವರಿಗೂ ಅದು ಅರ್ಥವಾಗಬೇಕು ಎಂಬುದು ಈ ದತ್ತಿಯ ನಿಯಮ. ಆ ನಿಯಮ ನನಗೆ ತುಂಬ ಹಿಡಿಸಿತು. ಡಾ. ಅನುಪಮಾ ನಿರಂಜನ ಅವರು ಹೆಣ್ಣಿನ ದೇಹ, ಬಸಿರು, ಬಾಣಂತನಗಳ ಬಗ್ಗೆ ಮುಚ್ಚುಮರೆಯಿಲ್ಲದ ಕನ್ನಡದಲ್ಲಿ ಬರೆದು ದಶಕಗಳೇ ಸಂದಿವೆ. ಆದರೂ ಮೂತ್ರದಲ್ಲಿ ಉರಿ ಎನ್ನುವ ಮಾತು ಬಂದರೆ ನಮ್ಮ ಮನೆಗಳಲ್ಲಿ ಇಂದಿಗೂ ದನಿ ತಗ್ಗುತ್ತದೆ. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುವ ಸೋಂಕು ಇದು. ಇನ್ನು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು. ಅದನ್ನು ಮುಚ್ಚಿಟ್ಟುಕೊಂಡು ಓಡಾಡಿ ಕೊನೆಗೆ ಬೆರಳನ್ನೋ ಪಾದವನ್ನೋ ಕಳೆದುಕೊಂಡವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿಗೆ ಬೆಳಿಗ್ಗೆ ಬಂದು ಸಾಲಾಗಿ ಕೂರುವ ಸ್ಯಾಂಪಲ್‌ಗಳಲ್ಲಿ ಮೂತ್ರದ ಡಬ್ಬಿಗಳು, ಕೀವಿನ ಸ್ವಾಬ್‌ಗಳು ದೊಡ್ಡ ಪಾಲು. ಹಾಗಾಗಿ ಈ ಎರಡನ್ನೂ ಇಂದು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ನನ್ನ ಪ್ರಶ್ನೆ ಇಷ್ಟೆ. ನಮ್ಮೊಳಗೆ, ನಮ್ಮ ಚರ್ಮದ ಮೇಲೆ, ಮೂಗಿನಲ್ಲಿ ಸುಮ್ಮನೆ ಬದುಕಿಕೊಂಡಿರುವ ಬ್ಯಾಕ್ಟೀರಿಯ ಒಂದು ದಿನ ರೋಗ ತರುತ್ತದೆ ಎಂದರೆ, ಆ ರೋಗ ತರುವ ಗುಣ, ಅಂದರೆ ಉಗ್ರತೆ, ಅದರ ಯಾವ ಜೀನ್‌ನಲ್ಲಿದೆ? ಅಥವಾ ಜೀನ್‌ನಲ್ಲಿ ಮಾತ್ರ ಇದೆಯೆ?

1885ರಲ್ಲಿ ಮ್ಯೂನಿಕ್‌ನ ಮಕ್ಕಳ ವೈದ್ಯ ಥಿಯೋಡೋರ್ ಎಷರಿಷ್ ಶಿಶುಗಳ ಮಲದಲ್ಲಿ ಒಂದು ಸಣ್ಣ ಕಡ್ಡಿಯಾಕಾರದ ಬ್ಯಾಕ್ಟೀರಿಯ ಕಂಡುಹಿಡಿದರು. ಅವರ ಹೆಸರನ್ನೇ ಹೊತ್ತ ಈ ಎಷರೀಷಿಯ ಕೋಲೈ, ನಾವು ರೂಢಿಯಲ್ಲಿ ಇ. ಕೋಲೈ ಎನ್ನುವುದು, ನಮ್ಮೆಲ್ಲರ ಕರುಳಿನಲ್ಲೂ ಇದೆ. ಆಸ್ಪತ್ರೆಯ ಹೊರಗೆ, ಬೇರೆ ತೊಡಕಿಲ್ಲದೆ ಬರುವ ಮೂತ್ರಕೋಶದ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದರಿಂದಲೇ. ಹಾಗಾದರೆ ಕರುಳಿನ ಇ. ಕೋಲೈ ಬೇರೆ, ಮೂತ್ರಕೋಶದ ಇ. ಕೋಲೈ ಬೇರೆಯೆ?

ಮೂರು ತಳಿಗಳ ಕಥೆ ಹೇಳುತ್ತೇನೆ. ಮೊದಲನೆಯದು ಕೆ-12. 1922ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡಿಫ್ತೀರಿಯದಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಯೊಬ್ಬರ ಮಲದಿಂದ ಬಂದದ್ದು. ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ವಿದ್ಯಾರ್ಥಿಗಳ ಕೈಯಲ್ಲಿ ಬೆಳೆಯುವ ನಿರುಪದ್ರವಿ ತಳಿ ಇದು. ಎರಡನೆಯದು ಸಿಎಫ್‌ಟಿ073. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕಿಡ್ನಿಯ ತೀವ್ರ ಸೋಂಕಿನಿಂದ ಬಳಲುತ್ತಿದ್ದ ಮಹಿಳೆಯ ರಕ್ತದಿಂದ ಪಡೆದದ್ದು. 2002ರಲ್ಲಿ ಇದರ ಪೂರ್ತಿ ಜೀನೋಮ್ ಪ್ರಕಟವಾದಾಗ ನಮ್ಮ ವಿಷಯದವರೆಲ್ಲ ಬೆರಗಾದರು. ಕೆ-12ರ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಗಳಿದ್ದರೆ ಇದರಲ್ಲಿ 52 ಲಕ್ಷಕ್ಕೂ ಹೆಚ್ಚು. ಈ ಎರಡು ತಳಿಗಳ ಜತೆಗೆ ರಕ್ತಭೇದಿ ತರುವ ಒ157 ತಳಿಯನ್ನೂ ಇಟ್ಟು ಹೋಲಿಸಿದರೆ, ಮೂರರ ಒಟ್ಟು ಪ್ರೋಟೀನ್‌ಗಳಲ್ಲಿ ಮೂರರಲ್ಲೂ ಇರುವಂಥವು ಶೇಕಡಾ 39.2 ಮಾತ್ರ. ಒಂದೇ ಜಾತಿ ಎಂದು ನಾವು ಕರೆಯುವ ಜೀವಿಗಳು ಇಷ್ಟು ಬೇರೆ ಬೇರೆ!

ಹೆಚ್ಚಿನ ಆ ಡಿಎನ್‌ಎ ಎಲ್ಲಿಂದ ಬಂತು? ಜರ್ಮನಿಯ ವ್ಯುರ್ಟ್ಸ್‌ಬರ್ಗ್‌ನಲ್ಲಿ ಯೋರ್ಗ್ ಹ್ಯಾಕರ್ ಮತ್ತು ಅವರ ಸಹೋದ್ಯೋಗಿಗಳು 536 ಎಂಬ ಮೂತ್ರನಾಳದ ತಳಿಯನ್ನು ಅಭ್ಯಾಸ ಮಾಡುತ್ತಿದ್ದಾಗ ಒಂದು ವಿಚಿತ್ರ ಗಮನಿಸಿದ್ದರು. ಕೆಂಪು ರಕ್ತಕಣ ಒಡೆಯುವ ಹೀಮೋಲೈಸಿನ್ ಎಂಬ ವಿಷದ ಜೀನ್ ಕಳೆದುಹೋದಾಗ ಅಂಟಿಕೊಳ್ಳುವ ಕೂದಲೆಳೆಗಳ ಸಾಮರ್ಥ್ಯವೂ ಅದರ ಜತೆಗೇ ಹೊರಟುಹೋಗುತ್ತಿತ್ತು. ಅಂದರೆ ಈ ಜೀನ್‌ಗಳು ಚದುರಿ ಕೂತಿಲ್ಲ, ಒಂದೇ ದೊಡ್ಡ ತುಂಡಿನಲ್ಲಿ ಒಟ್ಟಾಗಿ ಬಂದಿವೆ, ಒಟ್ಟಾಗಿ ಹೋಗುತ್ತವೆ. ಇಂಥ ತುಂಡುಗಳಿಗೆ ಅವರು ರೋಗಕಾರಕ ದ್ವೀಪ ಎಂದು ಹೆಸರಿಟ್ಟರು. ಸುತ್ತಲಿನ ಡಿಎನ್‌ಎಗಿಂತ ಇವುಗಳ ಅಕ್ಷರಗಳ ಪ್ರಮಾಣ ಬೇರೆ; ಸಾಮಾನ್ಯವಾಗಿ ಟಿಆರ್‌ಎನ್‌ಎ ಜೀನ್‌ಗಳ ಪಕ್ಕದಲ್ಲಿ ಸೇರಿಕೊಂಡಿರುತ್ತವೆ. ಬೇರೆ ಬ್ಯಾಕ್ಟೀರಿಯದಿಂದ, ಬ್ಯಾಕ್ಟೀರಿಯಗಳನ್ನು ಕಾಡುವ ವೈರಸ್‌ಗಳಿಂದ ಎಂದೋ ವಲಸೆ ಬಂದ ಆಸ್ತಿ ಇದು ಎನ್ನುವುದಕ್ಕೆ ಇವೇ ಗುರುತು.

ಈಗ ಮೂರನೆಯ ತಳಿ. ಮೊದಲ ಮಹಾಯುದ್ಧದ ಕಾಲ, 1917. ಜತೆಯವರೆಲ್ಲ ಭೇದಿಯಿಂದ ನರಳುತ್ತಿದ್ದರೂ ಒಬ್ಬ ಸೈನಿಕನಿಗೆ ಏನೂ ಆಗಲಿಲ್ಲ. ಜರ್ಮನಿಯ ಫ್ರೈಬರ್ಗ್‌ನ ಆಲ್ಫ್ರೆಡ್ ನಿಸ್ಲೆ ಆತನ ಮಲದಿಂದ ಇ. ಕೋಲೈ ಬೇರ್ಪಡಿಸಿದರು. ಅದೇ ನಿಸ್ಲೆ 1917. ಇಂದಿಗೂ ಯುರೋಪಿನಲ್ಲಿ ಮ್ಯೂಟಾಫ್ಲೋರ್ ಎಂಬ ಹೆಸರಿನಲ್ಲಿ ಕ್ಯಾಪ್ಸೂಲ್ ಆಗಿ ನುಂಗುತ್ತಾರೆ. ನಂತರ ಇದರ ಜೀನ್‌ಗಳನ್ನು ಓದಿದಾಗ ಏನು ಕಂಡಿತು ಗೊತ್ತೆ? ಕಿಡ್ನಿ ಸೋಂಕು ತಂದ ಸಿಎಫ್‌ಟಿ073ಕ್ಕೆ ಇದು ಹತ್ತಿರದ ದಾಯಾದಿ. ಹೊರಕವಚದ ಸಕ್ಕರೆಯ ಮಟ್ಟಿಗೆ ಎರಡೂ ಒಂದೇ ಒ6 ಗುಂಪು. ಕಬ್ಬಿಣ ಕಸಿಯುವ ಜೀನ್‌ಗಳು ಇದರಲ್ಲೂ ಇವೆ. ಅಂಟಿಕೊಳ್ಳುವ ಎಳೆಗಳ ಜೀನ್‌ಗಳೂ ಇವೆ. ನಮ್ಮ ಜೀವಕೋಶದ ಡಿಎನ್‌ಎಗೇ ಪೆಟ್ಟು ಕೊಡಬಲ್ಲ ಕೋಲಿಬ್ಯಾಕ್ಟಿನ್ ತಯಾರಿಸುವ ಜೀನ್‌ಗಳೂ ಇವೆ, ಆ ಬಗ್ಗೆ ಆತಂಕವೂ ಇದೆ. ಇಲ್ಲದಿರುವುದು ಹೀಮೋಲೈಸಿನ್ ಮತ್ತು ಪಿ ಫಿಂಬ್ರಿಯ ಎಂಬ ಎಳೆಗಳು. ಅದರ ಹೊರಕವಚದ ಸಕ್ಕರೆ ಸರಪಣಿಯೂ ಗಿಡ್ಡವಾಗಿದ್ದು ರಕ್ತದ ದ್ರವದಲ್ಲಿ ಅದು ಉಳಿಯುವುದಿಲ್ಲ. ಒಬ್ಬಳ ರಕ್ತದಲ್ಲಿ ಸಿಕ್ಕದ್ದು ಮತ್ತು ಇನ್ನೊಬ್ಬನ ಹೊಟ್ಟೆ ಕಾಯ್ದದ್ದು, ಎರಡರ ಪಾಲಿಗೂ ಬಂದ ಆಸ್ತಿಯಲ್ಲಿ ಬಹುಭಾಗ ಒಂದೇ.

ಈ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ನನ್ನ ಆಸೆ. ನಾವು ಉಗ್ರತೆಯ ಜೀನ್ ಎಂದು ಹೆಸರಿಟ್ಟ ಹಲವು ಜೀನ್‌ಗಳು ಬ್ಯಾಕ್ಟೀರಿಯದ ಮಟ್ಟಿಗೆ ಬದುಕುವ ಜೀನ್‌ಗಳು. ಮೂತ್ರದಲ್ಲಿ ಕಬ್ಬಿಣ ಕಡಿಮೆ, ಕರುಳಿನಲ್ಲಿ ಅದಕ್ಕಾಗಿ ಪೈಪೋಟಿ. ಅದಕ್ಕೆ ಬ್ಯಾಕ್ಟೀರಿಯ ಎಂಟೆರೋಬ್ಯಾಕ್ಟಿನ್ ಎಂಬ ಅಣುವನ್ನು ಹೊರಗೆ ಬಿಟ್ಟು ಕಬ್ಬಿಣವನ್ನು ಹಿಡಿದು ತರಿಸಿಕೊಳ್ಳುತ್ತದೆ. ನಮ್ಮ ದೇಹ ಸುಮ್ಮನಿರುವುದಿಲ್ಲ; ಲಿಪೋಕ್ಯಾಲಿನ್-2 ಎಂಬ ಪ್ರೋಟೀನ್‌ನಿಂದ ಆ ಅಣುವನ್ನೇ ಹಿಡಿದುಹಾಕುತ್ತದೆ. ಆಗ ಬ್ಯಾಕ್ಟೀರಿಯ ಅದೇ ಅಣುವಿಗೆ ಸಕ್ಕರೆ ಅಂಟಿಸಿ ಸಾಲ್ಮೊಕೆಲಿನ್ ಮಾಡುತ್ತದೆ. ನಮ್ಮ ಪ್ರೋಟೀನ್ ಅದನ್ನು ಹಿಡಿಯಲಾರದು. ಎಷ್ಟು ಯುಗಗಳ ಜಗಳ ಇದು! ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಇದನ್ನು ಹೇಳುವಾಗ ನನ್ನ ಮೈ ಪುಳಕಗೊಳ್ಳುತ್ತದೆ.

ಇನ್ನು ಅಂಟಿಕೊಳ್ಳುವ ವಿದ್ಯೆ. ಮೂತ್ರಕೋಶದಲ್ಲಿ ಬದುಕುವವರಿಗೆ ದೊಡ್ಡ ಅಪಾಯವೆಂದರೆ ಕೊಚ್ಚಿಹೋಗುವುದು. ಇ. ಕೋಲೈ ತನ್ನ ಮೈಮೇಲೆ ಟೈಪ್ 1 ಫಿಂಬ್ರಿಯ ಎಂಬ ನೂರಾರು ಕೂದಲೆಳೆಗಳನ್ನು ಬೆಳೆಸಿಕೊಳ್ಳಬಲ್ಲದು. ಪ್ರತಿ ಎಳೆಯ ತುದಿಯಲ್ಲಿ ಫಿಮ್‌ಹೆಚ್ ಎಂಬ ಪ್ರೋಟೀನ್. ಮೂತ್ರಕೋಶದ ಒಳಪದರದ ಯೂರೋಪ್ಲಾಕಿನ್ ಮೇಲಿರುವ ಮ್ಯಾನೋಸ್ ಸಕ್ಕರೆಯನ್ನು ಅದು ಹಿಡಿಯುತ್ತದೆ. ಹೊಲದಲ್ಲಿ ಸೀರೆಯ ಅಂಚಿಗೆ ಹತ್ತಿದ ಉತ್ತರಣಿ ಬೀಜದಂತೆ, ಜಾಡಿಸಿದರೆ ಇನ್ನಷ್ಟು ಬಿಗಿ: ಮೂತ್ರದ ಹರಿವಿನ ಸೆಳೆತ ಹೆಚ್ಚಾದಾಗ ಫಿಮ್‌ಹೆಚ್ ಹಿಡಿತ ಬಲವಾಗುತ್ತದೆ ಎಂದು 2002ರಲ್ಲಿ ತೋರಿಸಿದರು. ಈ ಎಳೆಗಳನ್ನು ಸದಾ ಬೆಳೆಸಿಕೊಂಡಿರುವುದೂ ಇಲ್ಲ. 314 ಅಕ್ಷರಗಳ ಒಂದು ಡಿಎನ್‌ಎ ತುಣುಕು ಇದೆ. ಅದು ಒಂದು ದಿಕ್ಕಿಗಿದ್ದರೆ ಎಳೆಗಳ ಜೀನ್‌ಗಳು ಕೆಲಸ ಮಾಡುತ್ತವೆ. ತಿರುಗಿ ಕೂತರೆ ಎಲ್ಲವೂ ಬಂದ್. ತಿರುಗಿಸುವ ಕಿಣ್ವಗಳಿಗೆ ಫಿಮ್‌ಬಿ, ಫಿಮ್‌ಇ ಎಂದು ಹೆಸರು.

ಅಂಟಿದ ಮೇಲೆ ಒಳಗೆ ನುಗ್ಗುವುದೂ ಉಂಟು. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಹಲ್ಟ್‌ಗ್ರೆನ್ ತಂಡ 2003ರಲ್ಲಿ ಇಲಿಯ ಮೂತ್ರಕೋಶದ ಜೀವಕೋಶಗಳ ಒಳಗೇ ಬ್ಯಾಕ್ಟೀರಿಯಗಳು ಗುಂಪು ಕಟ್ಟಿ ಬೆಳೆದಿರುವುದನ್ನು ತೋರಿಸಿತು. 2007ರಲ್ಲಿ ಸೋಂಕಿತ ಮಹಿಳೆಯರ ಮೂತ್ರದಲ್ಲೂ ಅಂಥ ಗುಂಪುಗಳ ಕುರುಹು ಸಿಕ್ಕಿತು. ಮಾತ್ರೆ ತೆಗೆದುಕೊಂಡು ಉರಿ ನಿಂತು, ಕೆಲವು ವಾರಗಳಲ್ಲಿ ಮತ್ತೆ ಶುರುವಾಯಿತು ಎನ್ನುವ ಹೆಂಗಸರಿಗೆ ಮನೆಯವರು ನಿನಗೆ ಸ್ವಚ್ಛತೆ ಗೊತ್ತಿಲ್ಲ ಎಂದು ಗದರುವುದನ್ನು ನಾನು ಕೇಳಿದ್ದೇನೆ. ಅದು ಅನ್ಯಾಯ. ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್, ಗಂಡಿನದು ಸುಮಾರು 20. ಇಷ್ಟು ಗಿಡ್ಡ ದಾರಿ, ಅದರ ಮೇಲೆ ಜೀವಕೋಶದೊಳಗೆ ಅಡಗಬಲ್ಲ ಶತ್ರು. ಇದರಲ್ಲಿ ಆಕೆಯ ತಪ್ಪೇನು?

ಕಿಡ್ನಿಯವರೆಗೆ ಏರುವ ತಳಿಗಳಲ್ಲಿ ಪಿ ಫಿಂಬ್ರಿಯ ಹೆಚ್ಚು. ಅದು ಹಿಡಿಯುವ ಸಕ್ಕರೆ ಕಿಡ್ನಿಯ ಕೋಶಗಳ ಮೇಲೂ ಇದೆ, ಕೆಂಪು ರಕ್ತಕಣಗಳ ಪಿ ರಕ್ತಗುಂಪಿನಲ್ಲೂ ಇದೆ. ಮೂತ್ರನಾಳದ ಸೋಂಕಿನಲ್ಲಿ ಅಂಟುವಿಕೆಯೇ ಮುಖ್ಯ ಎಂದು 1970ರ ದಶಕದಲ್ಲೇ ಸ್ವೀಡನ್‌ನ ಕ್ಯಾಥರೀನಾ ಸ್ವಾನ್‌ಬೋರ್ಗ್ ಎತ್ತಿ ಹೇಳಿದ್ದರು. ಅವರ ದೇಶದ್ದೇ ಒಂದು ತಳಿ ಈ ಇಡೀ ಚರ್ಚೆಯನ್ನು ತಿರುಗಿಸಿಹಾಕಿತು. ಗೋಥೆನ್‌ಬರ್ಗ್‌ನ ಬಾಲಕಿಯೊಬ್ಬಳು ಮೂರು ವರ್ಷ ಮೂತ್ರದಲ್ಲಿ ಇ. ಕೋಲೈ ಹೊತ್ತುಕೊಂಡಿದ್ದಳು, ಒಂದು ದಿನವೂ ಉರಿಯಿಲ್ಲ, ಜ್ವರವಿಲ್ಲ. 83972 ಎಂಬ ಆ ತಳಿಯನ್ನು ಓದಿದರೆ, ಅದರ ಪೂರ್ವಜ ರೋಗ ತರುವಂಥದ್ದೇ ಇದ್ದಿರಬೇಕು. ಆದರೆ ಈಗ ಫಿಮ್ ಜೀನ್ ಸಮೂಹದ ದೊಡ್ಡ ತುಣುಕೇ ಬಿದ್ದುಹೋಗಿದೆ, ಪಿ ಫಿಂಬ್ರಿಯದ ತುದಿಯ ಪ್ರೋಟೀನ್‌ನ ಜೀನ್ ರೂಪಾಂತರಗೊಂಡು ಕೆಲಸಕ್ಕೆ ಬಾರದಾಗಿದೆ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಪದೇ ಪದೇ ಸೋಂಕು ಬರುವ ರೋಗಿಗಳ ಮೂತ್ರಕೋಶಕ್ಕೆ ಈ ತಳಿಯನ್ನು ಬೇಕೆಂದೇ ಬಿಟ್ಟು ಸ್ವೀಡನ್‌ನಲ್ಲಿ ಪರೀಕ್ಷಿಸಿದರು. ಅದು ಅಲ್ಲಿ ನೆಲೆಯಾಗಿದ್ದಷ್ಟು ಕಾಲ ಸೋಂಕುಗಳು ಕಡಿಮೆಯಾದವು.

ಈಗ ಲ್ಯಾಬಿನ ಮೇಜಿಗೆ ಬನ್ನಿ. ಮೂತ್ರ ಹೊರಬಿಡುವ ಕೊಳವೆಯಾದ ಕ್ಯಾತಿಟರ್ ಹಾಕಿದ ರೋಗಿಯ ಮೂತ್ರವನ್ನು ಸಂಜೆ ಬ್ಲಡ್ ಅಗಾರ್ ತಟ್ಟೆಯ ಮೇಲೆ ಲೂಪ್‌ನಿಂದ ಗೆರೆ ಎಳೆದು 37 ಡಿಗ್ರಿಯಲ್ಲಿ ಇಟ್ಟಿರುತ್ತೇವೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಕೊಳೆತ ಮೀನಿನಂಥ ವಾಸನೆ. ಬಿಡಿಬಿಡಿ ಚುಕ್ಕೆಗಳಿರಬೇಕಾದ ಕಡೆ ತಟ್ಟೆಯ ತುಂಬ ಒಂದರ ಹೊರಗೊಂದು ಉಂಗುರ, ತೆಳುವಾದ ಬೂದು ಪರದೆ. ಪ್ರೋಟಿಯಸ್ ಮಿರಾಬಿಲಿಸ್. 1885ರಲ್ಲೇ ಜರ್ಮನಿಯ ಗುಸ್ತಾವ್ ಹೌಸರ್ ಇದನ್ನು ವರ್ಣಿಸಿದ್ದರು. ಗಟ್ಟಿ ಮೇಲ್ಮೈ ಸಿಕ್ಕೊಡನೆ ಇದರ ಕೋಶಗಳು ಒಡೆಯುವುದನ್ನು ನಿಲ್ಲಿಸಿ ಹತ್ತಾರು ಪಟ್ಟು ಉದ್ದವಾಗುತ್ತವೆ, ಮೈತುಂಬ ಸಾವಿರಾರು ಚಾವಟಿಗಳನ್ನು ಬೆಳೆಸಿ, ಒಂದಕ್ಕೊಂದು ಒತ್ತಿಕೊಂಡು ಸಾಗುತ್ತವೆ. ಸ್ವಲ್ಪ ಹೊತ್ತು ನಿಂತು ಮತ್ತೆ ಹೊರಡುತ್ತವೆ. ನಿಂತಲ್ಲೆಲ್ಲ ಒಂದು ಉಂಗುರ. ಕ್ಯಾತಿಟರ್‌ನ ರಬ್ಬರ್ ಮೇಲೆಯೂ ಹೀಗೇ ಏರಿ ಹೋಗುತ್ತವೆ.

ಅಲ್ಲಿ ಇದರ ಯೂರಿಯೇಸ್ ಜೀನ್‌ಗಳ ಕೆಲಸ ಶುರು. ಮೂತ್ರದ ಯೂರಿಯವನ್ನು ಒಡೆದು ಅಮೋನಿಯ ಮಾಡುತ್ತವೆ. ಆಮ್ಲೀಯವಾಗಿದ್ದ ಮೂತ್ರ ಕ್ಷಾರವಾಗುತ್ತದೆ. ಕ್ಷಾರದಲ್ಲಿ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಸ್ಟ್ರುವೈಟ್ ಹರಳಾಗಿ ಇಳಿಯುತ್ತವೆ. ಹಾಸಿಗೆ ಹಿಡಿದ ಮುದುಕರ ಕ್ಯಾತಿಟರ್ ಏಕಾಏಕಿ ಕಟ್ಟಿಕೊಂಡು, ಹೊಟ್ಟೆಯುಬ್ಬಿ ಅವರು ಒದ್ದಾಡುವಾಗ ಆ ಪೈಪ್ ತೆಗೆದು ಉದ್ದಕ್ಕೆ ಸೀಳಿ ನೋಡಿ: ಒಳಗೆ ಸುಣ್ಣದಂಥ ಬಿಳಿ ಹರಳಿನ ಗೋಡೆ. ಯೂರಿಯೇಸ್ ಜೀನ್ ಕೆಡಿಸಿದ ಪ್ರೋಟಿಯಸ್ ಇಲಿಯಲ್ಲಿ ಕಲ್ಲು ಮಾಡಲಿಲ್ಲ, ನೆಲೆಯೂರುವುದರಲ್ಲೂ ಸೋತಿತು. ಈ ಜೀನ್ ಉಗ್ರತೆಯದ್ದು ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಇನ್ನು ಗಾಯ. ಸ್ಕಾಟ್‌ಲೆಂಡಿನ ಆಬರ್ಡೀನ್‌ನ ಸರ್ಜನ್ ಅಲೆಗ್ಸಾಂಡರ್ ಆಗ್ಸ್‌ಟನ್ 1880ರ ಸುಮಾರಿಗೆ ಕುರುಗಳ ಕೀವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಗೊಂಚಲು ಗೊಂಚಲಾದ ಗುಂಡು ಜೀವಿಗಳನ್ನು ಕಂಡು, 1882ರಲ್ಲಿ ಸ್ಟ್ಯಾಫಿಲೋಕಾಕಸ್ ಎಂದು ಕರೆದರು. ಅದೇ 1882ರಲ್ಲಿ ಫ್ರಾನ್ಸಿನ ಕಾರ್ಲ್ ಜೆಸಾರ್, ಗಾಯದ ಪಟ್ಟಿಗಳಿಗೆ ಹತ್ತುವ ನೀಲಿ ಹಸಿರು ಬಣ್ಣದ ಹಿಂದೆ ಒಂದು ಬ್ಯಾಕ್ಟೀರಿಯ ಇದೆ ಎಂದು ತೋರಿಸಿದರು. ಅದೇ ಇಂದಿನ ಸ್ಯೂಡೋಮೊನಾಸ್ ಏರುಜಿನೋಸ. ಸುಟ್ಟ ಗಾಯದ ವಾರ್ಡಿನ ದಾದಿಯರು ಪಟ್ಟಿಯ ಬಣ್ಣ, ವಾಸನೆಗಳಿಂದಲೇ ಅದನ್ನು ಗುರುತಿಸುತ್ತಾರೆ. ಅದರ ವಿಷಗಳ ಪಟ್ಟಿ ಉದ್ದವಿದೆ. ಎಕ್ಸೊಟಾಕ್ಸಿನ್ ಎ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಡಿಫ್ತೀರಿಯದ ವಿಷದಂತೆಯೇ ಅದು ನಮ್ಮ ಜೀವಕೋಶ ಪ್ರೋಟೀನ್ ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ.

ಸ್ಟ್ಯಾಫಿಲೋಕಾಕಸ್ ಆರಿಯಸ್ ಹತ್ತರಲ್ಲಿ ಸುಮಾರು ಮೂವರ ಮೂಗಿನಲ್ಲಿ ಸುಮ್ಮನಿದೆ. ಗಾಯಕ್ಕೆ ಇಳಿದಾಗ ಅದರ ಎಜಿಆರ್ ಎಂಬ ಜೀನ್ ವ್ಯವಸ್ಥೆ ನೆರೆಹೊರೆಯ ಸಂಖ್ಯೆ ನೋಡುತ್ತದೆ. ಪ್ರತಿ ಕೋಶವೂ ಒಂದು ಪುಟ್ಟ ಪೆಪ್ಟೈಡ್ ಹೊರಬಿಡುತ್ತಿರುತ್ತದೆ. ಅದು ಕಡಿಮೆ ಇದ್ದಾಗ ಅಂಟುವ ಪ್ರೋಟೀನ್‌ಗಳು. ಸಾಂದ್ರವಾದಾಗ ಅವು ನಿಂತು, ಅಂಗಾಂಶ ಕರಗಿಸುವ ವಿಷಗಳು, ಕಿಣ್ವಗಳು. ಹಾಗಾದರೆ ಮಧುಮೇಹಿಯ ಕಾಲಿನ ಹುಣ್ಣಿನಲ್ಲಿ ಈ ಬ್ಯಾಕ್ಟೀರಿಯ ಸಿಕ್ಕೊಡನೆ ಅದು ಸೋಂಕೆ? ಫ್ರಾನ್ಸಿನ ನೀಮ್ ನಗರದಲ್ಲಿ ಆಲ್ಬೆರ್ ಸೊಟ್ಟೊ, ಝಾನ್-ಫಿಲಿಪ್ ಲವೀನ್ ಮತ್ತು ಸಂಗಡಿಗರು ಇದೇ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದರು. ಸೋಂಕಾದ ಹುಣ್ಣಿನ ತಳಿಗಳಲ್ಲಿ ಕೆಲವು ವಿಷಗಳ ಜೀನ್‌ಗಳು ಹೆಚ್ಚಾಗಿದ್ದವು. ಹುಣ್ಣಿನಲ್ಲಿ ಸುಮ್ಮನೆ ಕೂತಿದ್ದ ತಳಿಗಳಲ್ಲಿ ಹಲವಕ್ಕೆ ಒಂದು ವೈರಸ್‌ನ ಡಿಎನ್‌ಎ ಸೇರಿಕೊಂಡಿತ್ತು. ಹುಣ್ಣು ಒಂದೇ, ಬ್ಯಾಕ್ಟೀರಿಯದ ಹೆಸರೂ ಒಂದೇ, ವರ್ತನೆ ಮಾತ್ರ ಬೇರೆ.

ಇಲ್ಲಿಂದ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದು ಮಾತು. ಜೀನ್ ಇದೆಯೇ ಎಂದು ಹುಡುಕುವ ಪಿಸಿಆರ್ ಯಂತ್ರ ಇಂದು ನಮ್ಮ ಅನೇಕ ಕಾಲೇಜುಗಳಲ್ಲಿದೆ. ಮೂತ್ರದಿಂದಲೋ ಕೀವಿನಿಂದಲೋ ಬೆಳೆಸಿದ ತಳಿಗಳಲ್ಲಿ ಫಿಮ್‌ಹೆಚ್ ಇಷ್ಟು, ಹೀಮೋಲೈಸಿನ್ ಇಷ್ಟು ಎಂದು ಎಣಿಸಿ ಪ್ರಬಂಧ ಬರೆಯುವುದು ರೂಢಿಯಾಗಿದೆ. ಜೆಲ್ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಹೊಳೆದಾಗ ಆಗುವ ಖುಷಿ ನನಗೂ ಗೊತ್ತು. ಆದರೆ ನಿರುಪದ್ರವಿ ಕೆ-12 ತಳಿಯನ್ನು ಅದೇ ಜೆಲ್‌ನಲ್ಲಿ ಓಡಿಸಿ ನೋಡಿ, ಫಿಮ್‌ಹೆಚ್ ಪಟ್ಟಿ ಅಲ್ಲೂ ಹೊಳೆಯುತ್ತದೆ. ವ್ಯತ್ಯಾಸ ಇರುವುದು ಆ ಪ್ರೋಟೀನ್‌ನ ಒಂದೆರಡು ಅಮೈನೋ ಆಮ್ಲಗಳಲ್ಲಿ; ಆ ಸಣ್ಣ ಬದಲಾವಣೆಯೇ ಮೂತ್ರಕೋಶದ ಸಕ್ಕರೆಯ ಮೇಲಿನ ಹಿಡಿತವನ್ನು ಹೆಚ್ಚಿಸುತ್ತದೆ ಎಂದು ಎವ್ಗೆನಿ ಸೊಕುರೆಂಕೊ 1998ರಲ್ಲೇ ತೋರಿಸಿದ್ದಾರೆ. ಪಟ್ಟಿ ಇದೆ ಎನ್ನುವುದರಿಂದ ಜೀನ್ ಕೆಲಸ ಮಾಡುತ್ತಿದೆ ಎಂದಾಗಲಿ, ಆ ಕೆಲಸವೇ ರೋಗಕ್ಕೆ ಕಾರಣ ಎಂದಾಗಲಿ ಹೇಳಲಾಗದು. 1988ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಫಾಲ್ಕೊ ಇದಕ್ಕೆ ಸ್ಪಷ್ಟ ಅಳತೆಗೋಲು ಕೊಟ್ಟರು: ಆ ಗುಣ ರೋಗ ತರುವ ತಳಿಗಳಲ್ಲಿ ಕಾಣಬೇಕು, ಜೀನ್ ಕೆಡಿಸಿದರೆ ಉಗ್ರತೆ ಇಳಿಯಬೇಕು, ಜೀನ್ ಮರಳಿಸಿದರೆ ಉಗ್ರತೆ ಮರಳಬೇಕು. ನಮ್ಮ ಪ್ರಬಂಧಗಳು ಹೆಚ್ಚಾಗಿ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತವೆ. ಎಲ್ಲರೂ ಇಲಿಗಳ ಮೇಲೆ ಪ್ರಯೋಗ ಮಾಡಲಿ ಎನ್ನುತ್ತಿಲ್ಲ. ಕನಿಷ್ಠ, ಆರೋಗ್ಯವಂತರ ಮಲದಿಂದ ಪಡೆದ ತಳಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ಆ ಹೋಲಿಕೆಯಿಲ್ಲದ ಶೇಕಡಾವಾರು ಲೆಕ್ಕಕ್ಕೆ ಅರ್ಥ ಬರುವುದಿಲ್ಲ. ಉಗ್ರತೆ ಬೇರೆ, ಔಷಧ ನಿರೋಧಕತೆ ಬೇರೆ ಎಂಬುದನ್ನೂ ಮರೆಯಬೇಡಿ. ಇ. ಕೋಲೈನ ಎಸ್‌ಟಿ131ನಂಥ ತಳಿಯಲ್ಲಿ ಮಾತ್ರ ಎರಡೂ ಒಂದೇ ಮೈಯಲ್ಲಿ ಸೇರಿ ಜಗತ್ತಿನಾದ್ಯಂತ, ನಮ್ಮ ದೇಶದಲ್ಲೂ, ಹರಡಿವೆ.

ಜೀನ್ ತಿಳಿದರೆ ಔಷಧ ಸಿಕ್ಕೀತೆ? ಕೊಲ್ಲುವ ಬದಲು ಅಂಟದಂತೆ ತಡೆಯುವ ಆಸೆ ಹಳೆಯದು. ಫಿಮ್‌ಹೆಚ್ ಮ್ಯಾನೋಸ್ ಹಿಡಿಯುತ್ತದಲ್ಲ, ಮ್ಯಾನೋಸ್ ಪುಡಿಯನ್ನೇ ಕುಡಿಸಿದರೆ? ಅಂಗಡಿಗಳಲ್ಲಿ ಅದು ಮಾರಾಟವಾಗುತ್ತಿದೆ. ಬ್ರಿಟನ್ನಿನಲ್ಲಿ 598 ಮಹಿಳೆಯರಿಗೆ ಆರು ತಿಂಗಳು ಡಿ-ಮ್ಯಾನೋಸ್ ಅಥವಾ ಹುಸಿಪುಡಿ ಕೊಟ್ಟು ಮಾಡಿದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು: ಮರುಸೋಂಕು ಕಡಿಮೆಯಾಗಲಿಲ್ಲ. ಫಿಮ್‌ಹೆಚ್ ಅನ್ನು ಹೆಚ್ಚು ಬಿಗಿಯಾಗಿ ಕಟ್ಟಿಹಾಕುವ ಸಂಶ್ಲೇಷಿತ ಅಣುಗಳ ಮೇಲೆ ಕೆಲಸ ನಡೆದಿದೆ. ಅದರ ಬದಲು ಬಲ್ಗೇರಿಯದಲ್ಲಿ ನಡೆದ ಸರಳ ಪರೀಕ್ಷೆಯೊಂದನ್ನು ನೋಡಿ. ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಲ್ಲಿ ಅರ್ಧ ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಬಾರಿ ಸೋಂಕಾಯಿತು, ಉಳಿದವರಿಗೆ 3.2 ಬಾರಿ. ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲ ಎಂದು ಬೆಳಗಿನಿಂದ ಗಂಟಲು ಒಣಗಿಸಿಕೊಂಡು ದುಡಿಯುವ ನಮ್ಮ ಹೆಂಗಸರಿಗೆ ಈ ನೀರು ಕುಡಿಯುವ ಸ್ವಾತಂತ್ರ್ಯವೂ ಇಲ್ಲ. ನೀವು ಕಾರ್ಖಾನೆ, ಶಾಲೆ, ಅಂಗಡಿ, ಪಂಚಾಯಿತಿ ಯಾವುದನ್ನೇ ನಡೆಸುವವರಾಗಿದ್ದರೂ ಮೊದಲು ಆ ಶೌಚಾಲಯ ಕಟ್ಟಿಸಿ, ಅದಕ್ಕೆ ನೀರು ಬಿಡಿಸಿ.

ವೈದ್ಯ ಮಿತ್ರರಲ್ಲಿ ನನ್ನ ವಿನಂತಿ: ಉರಿಯಿಲ್ಲ, ಜ್ವರವಿಲ್ಲ, ರಿಪೋರ್ಟಿನಲ್ಲಿ ಮಾತ್ರ ಬ್ಯಾಕ್ಟೀರಿಯ ಇದೆ ಎಂದರೆ ಆ ರಿಪೋರ್ಟಿಗೆ ಆ್ಯಂಟಿಬಯೋಟಿಕ್ ಬರೆಯಬೇಡಿ. ಗರ್ಭಿಣಿಯರು, ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೊರಟವರು ಇದಕ್ಕೆ ಹೊರತು. ಕೆಂಪು, ಬಿಸಿ, ಊತ, ನೋವು, ಕೀವು ಏನೂ ಇಲ್ಲದ ಹುಣ್ಣಿಗೂ ಅದೇ ಮಾತು. ಅದಕ್ಕೆ ಬೇಕಾದದ್ದು ಭಾರ ಇಳಿಸುವುದು, ರಕ್ತಸಂಚಾರ ನೋಡುವುದು, ಸಕ್ಕರೆ ಹತೋಟಿ. ಕ್ಯಾತಿಟರ್ ಇನ್ನೂ ಬೇಕೆ ಎಂದು ದಿನವೂ ರೌಂಡ್ಸ್‌ನಲ್ಲಿ ಕೇಳಿ, ಬೇಡವಾದ ದಿನವೇ ತೆಗೆಸಿ.

ಇಲ್ಲಿ ಕೂತಿರುವ ಉಳಿದವರಲ್ಲಿ ಕೇಳುವುದು ಒಂದೇ. ಮೂತ್ರದಲ್ಲಿ ಉರಿ ಕಂಡರೆ ನಾಚಬೇಡಿ, ಔಷಧದಂಗಡಿಯಲ್ಲಿ ಹಿಂದಿನ ಸಲದ ಮಾತ್ರೆ ಕೊಡಿ ಎನ್ನಬೇಡಿ. ವೈದ್ಯರ ಬಳಿ ಹೋಗಿ. ಪದೇ ಪದೇ ಬರುತ್ತಿದ್ದರೆ, ಜ್ವರ ಚಳಿ ಇದ್ದರೆ, ಬಸುರಿಯಾಗಿದ್ದರೆ, ಕಲ್ಚರ್ ಮಾಡಿಸಬೇಕೆ ಎಂದು ನೀವೇ ಕೇಳಿ. ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲಿ ಹಿಡಿದು, ಎರಡು ಗಂಟೆಯೊಳಗೆ ತಲುಪಿಸಿ. ಮೊದಲ ಮಾತ್ರೆ ನುಂಗುವುದು ಆ ಡಬ್ಬಿ ಕೊಟ್ಟ ಮೇಲೆ.